ಬೆಟ್ಟದ ಮೂಲಿಕೆಗಳನ್ನು ಗುರುತು ಹಿಡಿಯುವ ಕ್ರಮ

(ಚಂದ್ರದ್ರೋಣ ಬೆಟ್ಟಸಾಲಿನ ತಪ್ಪಲಿನ ಗ್ರಾಮಗಳ ಜಮೀನುದಾರರೂ ಮುಖಂಡರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)

ವೇದಾವತಿಗೆ ಹುಟ್ಟುನೀರನ್ನು ಕೊಡುವ ಈ ಬೆಟ್ಟಸಾಲು ತಮ್ಮ ಹೊಲತೋಟಗಳಿಗೆ ತಂಪನ್ನೂ, ದನಕರುಗಳಿಗೆ ಮೇವನ್ನೂ, ಮನೆಯ ಮದ್ದಿಗೆ ಬೇಕಾದ ಬೇರುನಾರುಗಳನ್ನೂ ಬಹುಕಾಲದಿಂದ ಒದಗಿಸುತ್ತ ಬಂದಿದೆ. ಇದರ ನೆತ್ತಿಯಾದ ಮುಳ್ಳಯ್ಯನಗಿರಿಯು ಸಮುದ್ರಮಟ್ಟದಿಂದ ಸುಮಾರು ೬,೩೩೦ ಅಡಿ, ಅಂದರೆ ೧,೯೩೦ ಮೀಟರು ಎತ್ತರವಿದ್ದು, ಕರ್ನಾಟಕದಲ್ಲಿಯೇ ಅತ್ಯುನ್ನತವಾದ ಶಿಖರವೆನಿಸಿದೆ. ಕಾಫಿ ತೋಟದ ಅಂಚಿನಿಂದ ಹೊರಟು ಸರ್ಪದಾರಿಯನ್ನು ಹಿಡಿದು ಶಿಖರವನ್ನು ಮುಟ್ಟುವುದರೊಳಗಾಗಿ ನೂರಾರು ಬಗೆಯ ಸಸ್ಯಗಳು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಕೆಲವು ಆಹಾರ, ಕೆಲವು ಔಷಧ, ಕೆಲವು ಘೋರವಾದ ವಿಷ. ಈ ಮೂರನ್ನೂ ಬೇರ್ಪಡಿಸಿ ತಿಳಿಯುವ ಕ್ರಮವೇ ಈ ದಿನದ ನನ್ನ ವಿಷಯ.

ಹಿಂದಿನವರು ಈ ವಿದ್ಯೆಯನ್ನು ಹಿರಿಯರ ಬೆನ್ನ ಹಿಂದೆ ನಡೆದು ಕಲಿತರು. ಒಂದೇ ಗಿಡವನ್ನು ಮಳೆಗಾಲದಲ್ಲಿ, ಹೂವಿನ ಕಾಲದಲ್ಲಿ, ಒಣಗಿದ ಕಾಲದಲ್ಲಿ, ಹೀಗೆ ಹಲವು ಸಲ ಕಂಡಮೇಲೆಯೇ ಅದಕ್ಕೆ ಕೈಯಿಕ್ಕುತ್ತಿದ್ದರು. ಈಗಿನ ಯುವಕರಾದರೋ ವರ್ಷಕ್ಕೊಮ್ಮೆ ಬೆಟ್ಟವನ್ನೇರುತ್ತಾರೆ; ಮೊಬೈಲ್ ಫೋನಿನಲ್ಲಿ ಎಲೆಯ ಚಿತ್ರವನ್ನು ಹಿಡಿದು, ಅದು ಹೇಳಿದ ಹೆಸರನ್ನು ನಂಬಿ, ಸೊಪ್ಪನ್ನೂ ಗಡ್ಡೆಯನ್ನೂ ಮನೆಗೆ ತರುತ್ತಾರೆ. ಚಿತ್ರದಿಂದ ಬಂದ ಹೆಸರು ಒಂದು ಊಹೆಯೇ ಹೊರತು ನಿರ್ಣಯವಲ್ಲ. ತಪ್ಪಾದ ಗಡ್ಡೆಯೊಂದು ಒಂದು ಹೊತ್ತಿನ ಅಡುಗೆಯಲ್ಲಿ ಸೇರಿದರೆ ಮನೆಮಂದಿಯ ಪ್ರಾಣಕ್ಕೇ ಕುತ್ತು ಬಂದೀತು. ಆದುದರಿಂದ ತಮ್ಮ ತಮ್ಮ ಗ್ರಾಮಗಳಲ್ಲಿ ಈ ತಿಳಿವಳಿಕೆಯನ್ನು ಹರಡುವುದು ಯಜಮಾನರಾದ ತಮ್ಮ ಕರ್ತವ್ಯಗಳಲ್ಲೊಂದೆಂದು ವಿಜ್ಞಾಪಿಸಿಕೊಳ್ಳುತ್ತೇನೆ.

ಹೆಸರಿನ ತೊಡಕು

ಮೊದಲನೆಯದಾಗಿ, ಹೆಸರನ್ನು ನೆಚ್ಚಿಕೊಂಡು ಮೂಲಿಕೆಯನ್ನು ಕೊಳ್ಳತಕ್ಕದ್ದಲ್ಲ. ನಮ್ಮ ನಾಡಿನಲ್ಲಿ ಒಂದೇ ಗಿಡಕ್ಕೆ ಹತ್ತು ಊರಿನಲ್ಲಿ ಹತ್ತು ಹೆಸರು. ಹತ್ತು ಗಿಡಗಳಿಗೆ ಒಂದೇ ಹೆಸರಿರುವುದೂ ಉಂಟು. ಬ್ರಾಹ್ಮಿಯೆಂಬ ಹೆಸರನ್ನೇ ತೆಗೆದುಕೊಳ್ಳಿ. ಕೆಲವರು ಒಂದೆಲಗವನ್ನು ಬ್ರಾಹ್ಮಿಯೆನ್ನುತ್ತಾರೆ. ಮತ್ತೆ ಕೆಲವರು ನೀರಿನ ಬದಿಯಲ್ಲಿ ಬೆಳೆಯುವ ನೀರುಬ್ರಾಹ್ಮಿಯನ್ನು ಹಾಗೆಂದು ಕರೆಯುತ್ತಾರೆ. ಎರಡೂ ಬೇರೆ ಬೇರೆ ಕುಲದ ಸಸ್ಯಗಳು. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು ೧೭೫೩ನೆಯ ಇಸವಿಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಮಾತಿನ ಲ್ಯಾಟಿನ್ ಹೆಸರನ್ನಿಟ್ಟನು. ಆ ಪದ್ಧತಿಯೇ ಇಂದಿಗೂ ಜಗತ್ತಿನಲ್ಲೆಲ್ಲ ನಡೆಯುತ್ತಿದೆ. ಈ ಬೆಟ್ಟಗಳ ಸಸ್ಯಗಳನ್ನು ವಿವರಿಸುವ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವು ೧೯೮೧ರಲ್ಲಿ ಅಚ್ಚಾಯಿತು. ಸಂದೇಹ ಬಂದಾಗ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಗಿಡವನ್ನು ತೋರಿಸಿ, ಲ್ಯಾಟಿನ್ ಹೆಸರನ್ನು ಬರೆಯಿಸಿಕೊಳ್ಳುವುದು ಉತ್ತಮ.

ಐದು ಗುರುತುಗಳು

ಗಿಡವನ್ನು ಕಂಡಕೂಡಲೆ ಐದು ಸಂಗತಿಗಳನ್ನು ಕ್ರಮವಾಗಿ ನೋಡತಕ್ಕದ್ದು.

೧. ನೆಲೆ: ಬಯಲೋ, ನೆರಳೋ, ಹಳ್ಳದ ದಂಡೆಯೋ, ಕಲ್ಲಿನ ಸಂದೋ, ಮರದ ಮೇಲೋ ಎಂಬುದು.

೨. ಬೆಳೆಯುವ ರೀತಿ: ನೆಲದಲ್ಲಿ ಹರಡುವುದೋ, ನೆಟ್ಟಗೆ ನಿಲ್ಲುವುದೋ, ಬಳ್ಳಿಯೋ, ಬಳ್ಳಿಯಾದರೆ ದಂಟಿನಿಂದ ಸುತ್ತುವುದೋ, ಕುಡಿಯಿಂದ ಹಿಡಿಯುವುದೋ ಎಂಬುದು.

೩. ಎಲೆ: ಗಿಣ್ಣಿಗೊಂದೋ, ಎರಡೋ, ಸುತ್ತಲೂ ಹಲವೋ, ಅಂಚು ನಯವೋ, ಹಲ್ಲಿನಂತೋ, ನರಗಳು ಉದ್ದುದ್ದವೋ, ಬಲೆಯಂತೋ, ಮುರಿದರೆ ಹಾಲು ಬರುವುದೋ ಇಲ್ಲವೋ ಎಂಬುದು.

೪. ಹೂವು ಮತ್ತು ಕಾಯಿ: ಬಣ್ಣ, ದಳಗಳ ಎಣಿಕೆ, ಅರಳುವ ಕಾಲ.

೫. ಬೇರು ಅಥವಾ ಗಡ್ಡೆ: ಆಕಾರ, ಬಣ್ಣ, ವಾಸನೆ.

ಇವುಗಳಲ್ಲಿ ರುಚಿಯನ್ನು ಸೇರಿಸಲಿಲ್ಲವೆಂಬುದನ್ನು ತಾವು ಗಮನಿಸಬೇಕು. ಪರಿಚಯವಿಲ್ಲದ ಗಿಡವನ್ನು ನಾಲಗೆಗೆ ಮುಟ್ಟಿಸಿ ಪರೀಕ್ಷಿಸುವುದು ಅಪಾಯಕರ. ದನ ತಿಂದಿತು, ಹಕ್ಕಿ ತಿಂದಿತು, ಆದುದರಿಂದ ಮನುಷ್ಯನೂ ತಿನ್ನಬಹುದೆಂಬ ಮಾತೂ ನಂಬತಕ್ಕದ್ದಲ್ಲ. ಒಂದು ಗುರುತು ಕೂಡಿದರೆ ಹೆಸರನ್ನು ಊಹಿಸಬಹುದು. ಐದೂ ಕೂಡಿದರೆ ಮಾತ್ರ ಹೆಸರನ್ನು ಹೇಳಬಹುದು. ಇನ್ನು ಈ ಕ್ರಮವು ಹೇಗೆ ಉಪಯೋಗಕ್ಕೆ ಬರುವುದೆಂಬುದನ್ನು ಬೆಟ್ಟವನ್ನೇರುವ ದಾರಿಯಲ್ಲಿಯೇ ನೋಡೋಣ.

ತಪ್ಪಲಿನಲ್ಲಿ: ಒಂದೆಲಗ ಮತ್ತು ಸರ್ಪಗಂಧಿ

ತೋಟದ ಕಾಲುವೆಯ ಬದಿಯ ಒದ್ದೆನೆಲದಲ್ಲಿ ಒಂದೆಲಗವು ಹರಡಿಕೊಂಡಿರುತ್ತದೆ. ತಂಬುಳಿಗೂ ಚಟ್ನಿಗೂ ಇದನ್ನು ಬಳಸದ ಮನೆ ಮಲೆನಾಡಿನಲ್ಲಿ ವಿರಳ. ಇದರ ಹಂಬು ನೆಲವನ್ನು ಹಿಡಿದು ಓಡುತ್ತದೆ. ಗಿಣ್ಣುಗಿಣ್ಣಿಗೆ ಬೇರು ಬಿಡುತ್ತದೆ. ಎಲೆಯು ದುಂಡಾಗಿ, ತೊಟ್ಟು ಸೇರುವಲ್ಲಿ ಒಳಕ್ಕೆ ಸೀಳಿ, ಅಂಚಿನಲ್ಲಿ ಸಣ್ಣ ಅಲೆಗಳಂತೆ ಕಚ್ಚುಗಳನ್ನು ಹೊಂದಿರುವುದು. ನಸುಗೆಂಪಿನ ಕಿರುಹೂಗಳು ಎಲೆಗಳ ಕೆಳಗೆ ನೆಲಕ್ಕಂಟಿದಂತೆ ಇರುವುವು. ಇದೇ ಒದ್ದೆನೆಲದಲ್ಲಿ ಇದರ ದಾಯಾದಿಯಾದ ಮತ್ತೊಂದು ಸಸ್ಯವುಂಟು. ಅದರ ಎಲೆಯ ಅಂಚು ಐದಾರು ಮೂಲೆಗಳಾಗಿ ಒಡೆದಿರುವುದು. ಹೂಗಳು ಹಲವು ಸೇರಿ ಉಂಡೆಯಂತೆ ಕಾಣುವುವು. ನೀರುಬ್ರಾಹ್ಮಿಯಾದರೆ ಎಲೆಗಳು ಕಿರಿದಾಗಿ, ದಪ್ಪವಾಗಿ, ದಂಟಿನ ಮೇಲೆ ಜೊತೆಜೊತೆಯಾಗಿ ಕುಳಿತಿರುವುವು. ಉದ್ದನೆಯ ತೊಟ್ಟೇ ಇರದು. ಇಷ್ಟನ್ನು ನೋಡಿದವರು ಮೂರನ್ನೂ ಬೆರೆಸಲಾರರು. ಒಂದೆಲಗವೆಂದು ನಿರ್ಣಯವಾದಮೇಲೆಯೂ, ತೋಟಕ್ಕೆ ಔಷಧ ಸಿಂಪಡಿಸಿದ ಕಡೆಯಿಂದಲೂ ಕೊಳಚೆ ಹರಿಯುವ ಕಡೆಯಿಂದಲೂ ಕೀಳದೆ, ಚೆನ್ನಾಗಿ ತೊಳೆದು ಬಳಸತಕ್ಕದ್ದು.

ತಪ್ಪಲಿನ ತೇವವಾದ ನೆರಳಿನಲ್ಲಿ ಹಿಂದೆ ಸರ್ಪಗಂಧಿಯು ಸುಲಭವಾಗಿ ದೊರೆಯುತ್ತಿದ್ದಿತು. ಮೊಣಕಾಲೆತ್ತರದ ಈ ಗಿಡದಲ್ಲಿ ಪ್ರತಿ ಗಿಣ್ಣಿನ ಸುತ್ತಲೂ ಸಾಮಾನ್ಯವಾಗಿ ಮೂರು ಎಲೆಗಳು. ಬಿಳಿಯ ಹೂಗೊಂಚಲಿಗೆ ಕೆಂಪು ತೊಟ್ಟುಗಳು. ಹಣ್ಣು ಮಾಗಿದಾಗ ಕಪ್ಪು. ಇದನ್ನು ಹೋಲುವ, ಅಮೆರಿಕ ಖಂಡದಿಂದ ಬಂದ ಒಂದು ಜಾತಿಯು ರಸ್ತೆಬದಿಯಲ್ಲಿ ಬೆಳೆಯುತ್ತದೆ. ಅದರಲ್ಲಿ ಗಿಣ್ಣಿಗೆ ನಾಲ್ಕು ಎಲೆಗಳು, ಅವುಗಳೂ ಒಂದಕ್ಕೊಂದು ಸಮನಲ್ಲ. ಎಲೆಯ ಎಣಿಕೆಯನ್ನು ಮರೆತವರು ಒಂದಕ್ಕೆ ಬದಲಾಗಿ ಮತ್ತೊಂದನ್ನು ಕೊಂಡು ಮೋಸಹೋಗುತ್ತಾರೆ.

ಸರ್ಪಗಂಧಿಯ ಬೇರಿನ ಸಾರವನ್ನು ೧೯೩೧ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಪರಿಶೋಧಿಸಿದರು. ಅದು ರಕ್ತದ ಒತ್ತಡವನ್ನು ತಗ್ಗಿಸುವುದೆಂಬುದನ್ನು ಮುಂಬಯಿಯ ವೈದ್ಯರಾದ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಲೋಕಕ್ಕೆ ತಿಳಿಯಪಡಿಸಿದರು. ಅನಂತರ ಹೊರದೇಶಗಳಿಂದ ಬೇಡಿಕೆ ಏರಿತು. ಬೇರಿಗೆ ಬೆಲೆ ಬಂದಿತು. ಕಾಡಿನಲ್ಲಿ ಗಿಡ ಕಾಣೆಯಾಯಿತು. ಎಲೆಯನ್ನು ಕಿತ್ತರೆ ಗಿಡ ಮತ್ತೆ ಚಿಗುರೀತು. ಬೇರನ್ನು ಅಗೆದರೆ ಗಿಡದ ವಂಶವೇ ನಿಲ್ಲುವುದು. ಇದು ನಾವೆಲ್ಲರೂ ನೆನಪಿಡತಕ್ಕ ಮಾತು.

ಕಾಡಿನಂಚಿನಲ್ಲಿ: ಗೌರಿಹೂವಿನ ಗಡ್ಡೆ

ಇನ್ನು ನಾನು ಹೇಳುವ ಗಿಡದ ವಿಷಯದಲ್ಲಿ ತಾವು ವಿಶೇಷವಾಗಿ ಲಕ್ಷ್ಯವಿಡಬೇಕು. ಬೇಲಿಸಾಲುಗಳಲ್ಲಿಯೂ ಕಾಡಿನಂಚಿನಲ್ಲಿಯೂ ಭಾದ್ರಪದದ ಗೌರೀಹಬ್ಬದ ಸುಮಾರಿಗೆ ಅರಳುವ ಗೌರಿಹೂವನ್ನು ತಾವೆಲ್ಲರೂ ಬಲ್ಲಿರಿ. ಅಗ್ನಿಶಿಖೆ, ಕೋಳಿಕುಟುಮ ಎಂಬುವೂ ಇದರ ಹೆಸರುಗಳೇ. ಅಲೆಅಲೆಯಾದ ಅಂಚುಳ್ಳ ಆರು ದಳಗಳು ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಎದ್ದಿರುವುವು. ಮೊದಲು ಹಸುರು, ಆಮೇಲೆ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕೊನೆಗೆ ಪೂರ್ತಿ ಕೆಂಪಾಗುವುವು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುವುದು. ಗಡ್ಡೆಯು ನಯವಾಗಿ, ಎರಡು ತೋಳುಗಳಾಗಿ ಬಾಗಿ, ನೇಗಿಲಿನಂತೆ ಕಾಣುವುದು. ಆದುದರಿಂದಲೇ ಸಂಸ್ಕೃತದಲ್ಲಿ ಇದಕ್ಕೆ ಲಾಂಗಲೀ ಎಂದು ಹೆಸರು.

ಹೂವು ಇರುವಾಗ ಇದನ್ನು ಯಾರೂ ಮರೆಯಲಾರರು. ಅಪಾಯವಿರುವುದು ಹೂವೂ ಎಲೆಯೂ ಒಣಗಿ ಉದುರಿದಮೇಲೆ. ಆಗ ನೆಲದೊಳಗೆ ಉಳಿದ ಗಡ್ಡೆಯನ್ನು ಕಾಡುಗೆಣಸೆಂದು ಭ್ರಮಿಸಿ ಅಗೆದು ಬೇಯಿಸುವ ಸಂಭವವುಂಟು. ಈ ಗಿಡದ ಸರ್ವಾಂಗಗಳಲ್ಲಿಯೂ, ಮುಖ್ಯವಾಗಿ ಗಡ್ಡೆಯಲ್ಲಿಯೂ ಬೀಜದಲ್ಲಿಯೂ, ಕಾಲ್ಚಿಸಿನ್ ಎಂಬ ವಿಷವಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಕೆಲವು ಗಂಟೆಗಳಲ್ಲಿ ಗಂಟಲುರಿ, ವಾಂತಿ, ಹೊಟ್ಟೆನೋವು, ನೀರಿನಂಥ ಭೇದಿ ಆರಂಭವಾಗುವುವು. ಮರುದಿನ ಸ್ವಲ್ಪ ಗುಣವಾದಂತೆ ತೋರಿದರೂ, ಎರಡು ಮೂರು ದಿನಗಳಲ್ಲಿ ಮೂತ್ರಪಿಂಡವೂ ಹೃದಯವೂ ಕೆಡಬಹುದು. ಆದುದರಿಂದ ವಾಂತಿ ನಿಂತಿತೆಂದು ರೋಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಪ್ರಾಣಾಪಾಯಕರ.

ಗೆಣಸಿನ ಬಳ್ಳಿಗೂ ಇದಕ್ಕೂ ಇರುವ ಭೇದವನ್ನು ಮಕ್ಕಳಿಗೂ ತಿಳಿಸಿರಿ. ಕಾಡುಗೆಣಸಿನ ಬಳ್ಳಿಯು ತನ್ನ ದಂಟಿನಿಂದಲೇ ಮರವನ್ನು ಸುತ್ತುವುದು. ಎಲೆಯು ಹೃದಯದ ಆಕಾರವಾಗಿಯೋ ಬೆರಳುಗಳಂತೆ ಒಡೆದೋ ಇರುವುದು. ನರಗಳ ನಡುವೆ ಬಲೆಯಂಥ ಹೆಣಿಗೆ ಕಾಣುವುದು. ಗೌರಿಹೂವಿನ ಎಲೆಯು ನೀಳವಾಗಿ, ಉದ್ದುದ್ದವಾದ ನರಗಳಿಂದ ಕೂಡಿ, ತುದಿಯಲ್ಲಿ ಸುರುಳಿಯುಳ್ಳದ್ದು. ಗೆಣಸುಗಳಲ್ಲಿಯೂ ಎಲ್ಲವೂ ಸಾಧುವಲ್ಲ. ಮೂರು ಎಲೆಗಳು ಒಟ್ಟಿಗಿರುವ, ದಂಟಿನಲ್ಲಿ ಮುಳ್ಳುಳ್ಳ ಒಂದು ಜಾತಿಯ ಗಡ್ಡೆಯು ಹಸಿಯಾಗಿ ವಿಷಕರವಾದುದು. ಆದಕಾರಣ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿರಿ: ಎಲೆಯಿಲ್ಲದ ಗಡ್ಡೆಗೆ ಹೆಸರಿಲ್ಲ, ಹೆಸರಿಲ್ಲದ ಗಡ್ಡೆಗೆ ಒಲೆಯಿಲ್ಲ.

ಹೀಗೆಂದು ಈ ಗಿಡವನ್ನು ಕಂಡಕಂಡಲ್ಲಿ ಕಿತ್ತೆಸೆಯಬೇಕಾಗಿಲ್ಲ. ಅದೇ ಕಾಲ್ಚಿಸಿನ್ನಿನಿಂದ ಸಂದಿವಾತಕ್ಕೆ ವೈದ್ಯರು ಔಷಧ ಕೊಡುತ್ತಾರೆ. ಸಸ್ಯಗಳ ಜೀವಕೋಶದಲ್ಲಿನ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಶಕ್ತಿಯೂ ಅದಕ್ಕುಂಟೆಂಬುದು ೧೯೩೭ರಲ್ಲಿ ಪ್ರಕಟವಾಯಿತು. ಬೀಜವಿಲ್ಲದ ಕಲ್ಲಂಗಡಿಯು ಆ ಶೋಧನೆಯ ಫಲ. ತಮಿಳುನಾಡಿನ ಕೆಲವೆಡೆಗಳಲ್ಲಿ ರೈತರು ಬೀಜಕ್ಕಾಗಿ ಇದನ್ನು ಹೊಲದಲ್ಲಿಯೇ ಬೆಳೆಯುತ್ತಾರೆ. ವಿಷವೂ ಔಷಧವೂ ಒಂದೇ ಗಡ್ಡೆಯಲ್ಲಿರುವುದರಿಂದ ಪ್ರಮಾಣವನ್ನು ಬಲ್ಲವರೇ ಅದನ್ನು ಮುಟ್ಟತಕ್ಕದ್ದು.

ಶೋಲೆಯ ನೆರಳಿನಲ್ಲಿ: ಕೆಸುವಿನ ಜಾತಿ

ಮೇಲೇರಿದಂತೆ ಬೆಟ್ಟದ ಮಡಿಕೆಗಳಲ್ಲಿ ದಟ್ಟವಾದ ಕುಳ್ಳುಮರಗಳ ಕಾಡು ಸಿಕ್ಕುವುದು, ಇದನ್ನು ಶೋಲೆಯೆನ್ನುವರು. ಮಳೆಗಾಲದಲ್ಲಿ ಮರದ ಕವಲುಗಳ ಮೇಲೆ ಬೆಳೆಯುವ ಮರಕೆಸುವಿನ ಎಲೆಯಿಂದ ಪತ್ರೊಡೆಯನ್ನು ಮಾಡುವರಷ್ಟೆ. ಕೆಸು, ಸುವರ್ಣಗಡ್ಡೆ ಮೊದಲಾದ ಈ ಬಳಗದ ಗಿಡಗಳಲ್ಲಿ ಸೂಜಿಯಂಥ ಅತಿಸೂಕ್ಷ್ಮವಾದ ಹರಳುಗಳಿರುವುವು. ಅವು ಬಾಯಿಗೂ ಗಂಟಲಿಗೂ ಚುಚ್ಚಿಕೊಂಡು ತುರಿಕೆಯನ್ನೂ ಬಾವನ್ನೂ ಉಂಟುಮಾಡುವುವು. ನಮ್ಮ ಗೃಹಿಣಿಯರು ಹುಣಿಸೆಹುಳಿಯನ್ನು ಸೇರಿಸಿ ಚೆನ್ನಾಗಿ ಬೇಯಿಸುವ ಪದ್ಧತಿಯು ಬಹು ಯುಕ್ತವಾದುದು. ಆದರೆ ಕಾಡಿನಲ್ಲಿ ಕಂಡ ಅಗಲವಾದ ಎಲೆಗಳೆಲ್ಲವೂ ಕೆಸುವಲ್ಲ. ಮನೆಯವರು ವರ್ಷವರ್ಷವೂ ಕೊಯ್ದು ತಿಂದು ಬಲ್ಲ ಜಾಗದ, ಬಲ್ಲ ಗಿಡದ ಎಲೆಯನ್ನೇ ತರತಕ್ಕದ್ದು. ಯಾವಾಗಲೂ ಹಸಿಯಾಗಿ ಬಾಯಿಗಿಡತಕ್ಕದ್ದಲ್ಲ.

ಹುಲ್ಲುಗಾವಲಿನಲ್ಲಿ: ಜರಿಗಿಡ ಮತ್ತು ಕಾಡುಹೊಗೆಸೊಪ್ಪು

ಶೋಲೆಯನ್ನು ದಾಟಿದರೆ ಗಾಳಿ ಬೀಸುವ ಹುಲ್ಲಿನ ಇಳಿಜಾರು. ಇಲ್ಲಿ ದನಗಳ ಯಜಮಾನರು ತಿಳಿಯತಕ್ಕ ಮುಖ್ಯವಾದ ಸಸ್ಯವು ಬ್ರೇಕನ್ ಎಂದು ಕರೆಯುವ ಜರಿಗಿಡ. ಕೊಡಗಿನವರು ತೆರ್ಮೆಯೆಂದು ಪಲ್ಯ ಮಾಡುವ ಜರಿಗಿಡವೇ ಬೇರೆ. ಅದು ಹಳ್ಳದ ದಂಡೆಯಲ್ಲಿ ಬುಡಬುಡವಾಗಿ ಬೆಳೆಯುವುದು. ಸುರುಳಿಯಾದ ಎಳೆಕುಡಿಯ ಮೇಲೆ ಕಂದುಬಣ್ಣದ ಹೊಟ್ಟಿನಂಥ ಸಿಪ್ಪೆಗಳಿರುವುವು. ಬಲಿತ ಎಲೆಯ ಹಿಂಬದಿಯಲ್ಲಿ ನರಗಳನ್ನನುಸರಿಸಿ ಗೆರೆಗೆರೆಯಾಗಿ ಬೀಜಕಣಗಳು ಕಾಣುವುವು. ಬ್ರೇಕನ್ ಆದರೆ ಬಿಸಿಲಿನ ಇಳಿಜಾರಿನಲ್ಲಿ, ನೆಲದೊಳಗಿನ ಉದ್ದನೆಯ ಕಾಂಡದಿಂದ ಒಂದೊಂದೇ ಎಲೆಯಾಗಿ ದೂರದೂರಕ್ಕೆ ಮೇಲೇಳುವುದು. ಎಲೆಯು ಬಿರುಸಾಗಿ, ಮೂರು ಕವಲುಗಳಾಗಿ ಮುಕ್ಕೋನದ ಆಕಾರದಲ್ಲಿರುವುದು. ಕುಡಿಯ ಮೇಲೆ ಸಿಪ್ಪೆಯ ಬದಲು ನವಿರಾದ ಕೂದಲು. ಎಲೆಯ ಅಂಚು ಹಿಂದಕ್ಕೆ ಮಡಿಸಿ, ಅದರ ಅಡಿಯಲ್ಲಿ ಬೀಜಕಣಗಳು.

ಬ್ರೇಕನ್ನನ್ನು ಬಹುದಿನ ಮೇಯುವ ದನಗಳಿಗೆ ಮೂತ್ರಕೋಶದಲ್ಲಿ ಹುಣ್ಣುಗಂಟುಗಳೆದ್ದು ಮೂತ್ರದಲ್ಲಿ ರಕ್ತ ಬರುವುದು. ನೀಲಗಿರಿಯಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಈ ರೋಗವನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು. ಇದರ ವಿಷವು ಹಾಲಿನಲ್ಲಿಯೂ ಇಳಿಯುವುದೆಂದು ಪ್ರಯೋಗಗಳಿಂದ ತಿಳಿದಿದೆ. ಉಣ್ಣೆಗಳಿಂದ ಹರಡುವ ಜ್ವರದಲ್ಲಿಯೂ ಮೂತ್ರವು ಕೆಂಪಾಗುವುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯುಂಟು. ಆದಕಾರಣ ಕೆಂಪುಮೂತ್ರ ಕಂಡ ಕೂಡಲೆ ಪಶುವೈದ್ಯರನ್ನು ಕರೆಸಿ, ದನವು ಎಲ್ಲಿ ಮೇಯುತ್ತಿದ್ದಿತೆಂಬುದನ್ನೂ ತಿಳಿಸತಕ್ಕದ್ದು.

ಬೇಸಗೆಯಲ್ಲಿ ಹೊಸಹುಲ್ಲು ಬರಲೆಂದು ಗುಡ್ಡಕ್ಕೆ ಬೆಂಕಿಯಿಡುವ ದುರಭ್ಯಾಸವು ಈ ಕೇಡನ್ನು ಹೆಚ್ಚಿಸುತ್ತದೆ. ಬ್ರೇಕನ್ನಿನ ಕಾಂಡವು ನೆಲದೊಳಗೆ ಸುಡದೆ ಉಳಿದು, ಬೆಂಕಿಯ ಅನಂತರ ಹುಲ್ಲಿಗಿಂತ ಮುಂಚೆ ಚಿಗುರುವುದು. ಹಸಿದ ದನ ಅದನ್ನೇ ಮೇಯುವುದು. ಬೆಂಕಿಯಿಟ್ಟವನ ಕೊಟ್ಟಿಗೆಗೇ ಅದರ ಫಲ ಮರಳುವುದೆಂಬುದನ್ನು ದನಗಾಹಿಗಳಿಗೆ ಮನದಟ್ಟುಮಾಡಿಸಿರಿ.

ಇದೇ ಇಳಿಜಾರಿನಲ್ಲಿ ಆಳೆತ್ತರಕ್ಕೂ ಮೀರಿ ನಿಲ್ಲುವ ಕಾಡುಹೊಗೆಸೊಪ್ಪನ್ನು ಕಾಣಬಹುದು. ನೀಳವಾದ ಎಲೆಗಳು ಹೊಗೆಸೊಪ್ಪನ್ನು ಹೋಲುವುದರಿಂದ ಈ ಹೆಸರು ಬಂದಿತು. ಎಲೆಯನ್ನು ಮುರಿದರೆ ಹಾಲು ಒಸರುವುದು, ಹೊಗೆಸೊಪ್ಪಿನಲ್ಲಿ ಹಾಲಿಲ್ಲ. ತುದಿಯ ಉದ್ದನೆಯ ಗೊಂಚಲಿನಲ್ಲಿ ಬಿಳಿಯ ಹೂಗಳು, ಒಂದು ಬದಿಗೆ ಸೀಳಿದಂತಿರುವುವು. ಇದರಲ್ಲಿ ಲೋಬೆಲಿನ್ ಎಂಬ ವಿಷಸತ್ವವಿದೆ. ಒಣಗಿದ ಗಿಡದ ಧೂಳು ಮೂಗಿಗೂ ಗಂಟಲಿಗೂ ಉರಿಯನ್ನು ಮಾಡುವುದು. ಇದನ್ನು ಸೇದುವುದಾಗಲಿ ಜಗಿಯುವುದಾಗಲಿ ಕೂಡದು.

ಹೂವೊಂದನ್ನೇ ಗುರುತೆಂದು ನಂಬಿದವರಿಗೆ ಈ ಇಳಿಜಾರಿನ ಕುರಿಂಜಿಯು ಒಳ್ಳೆಯ ಪಾಠ. ೨೦೨೨ನೆಯ ಇಸವಿಯಲ್ಲಿ ಚಂದ್ರದ್ರೋಣ ಗುಡ್ಡಗಳೆಲ್ಲ ಕುರಿಂಜಿಯಿಂದ ನೀಲಿಯಾದುದನ್ನು ತಾವು ಕಂಡಿರುವಿರಿ. ಹಲವು ವರ್ಷಗಳಿಗೊಮ್ಮೆ ಮಾತ್ರ ಹೂಬಿಡುವ ಈ ಗಿಡವನ್ನು ಮಿಕ್ಕ ವರ್ಷಗಳಲ್ಲಿ ಎಲೆಯಿಂದಲೂ ದಂಟಿನಿಂದಲೂ ಗುರುತಿಸಬೇಕಲ್ಲದೆ ಬೇರೆ ಉಪಾಯವಿಲ್ಲ.

ವಿಷ ಸೇವನೆಯಾದಾಗ

ಯಾರಾದರೂ ಸಂದೇಹದ ಸಸ್ಯವನ್ನು ತಿಂದರೆಂದು ತಿಳಿದಕೂಡಲೆ, ಲಕ್ಷಣಗಳು ತೋರುವವರೆಗೆ ಕಾಯದೆ, ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಸರಿಯಲ್ಲ. ತಿಂದು ಉಳಿದ ಚೂರನ್ನೂ, ಆ ಗಿಡದ ಎಲೆ, ಹೂ, ಗಡ್ಡೆಗಳನ್ನೂ ಕಾಗದದಲ್ಲಿ ಸುತ್ತಿ ಜೊತೆಯಲ್ಲಿ ಒಯ್ಯಬೇಕು. ತಿಂದ ಹೊತ್ತನ್ನೂ, ಎಷ್ಟು ಜನ ತಿಂದರೆಂಬುದನ್ನೂ ವೈದ್ಯರಿಗೆ ತಿಳಿಸಬೇಕು. ಒಂದೇ ಅಡುಗೆಯನ್ನು ಉಂಡವರೆಲ್ಲರನ್ನೂ ಒಟ್ಟಿಗೆ ಕರೆದೊಯ್ಯುವುದು ಕ್ಷೇಮ.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

ಕಾಯಿದೆಬದ್ಧವಾದ ಅರಣ್ಯದಿಂದ ಅಪ್ಪಣೆಯಿಲ್ಲದೆ ಗಿಡವನ್ನಾಗಲಿ ಬೇರನ್ನಾಗಲಿ ತೆಗೆಯುವುದು ಅಪರಾಧ. ಅಲ್ಲಿ ಕಣ್ಣಿನಿಂದ ನೋಡಿ, ಚಿತ್ರವನ್ನು ಹಿಡಿದು ಬರುವುದಷ್ಟೇ ಯೋಗ್ಯ. ಕಲಿಕೆಗಾಗಿ ತಮ್ಮ ಸ್ವಂತ ಜಮೀನಿನ ಬೇಲಿಯಿಂದ ಒಂದೊಂದು ರೆಂಬೆಯನ್ನು ಹೂಸಹಿತ ಕತ್ತರಿಸಿ, ಹಳೆಯ ವೃತ್ತಪತ್ರಿಕೆಗಳ ನಡುವೆ ಹರಡಿ, ಭಾರವಿಟ್ಟು, ದಿನಕ್ಕೊಮ್ಮೆ ಕಾಗದವನ್ನು ಬದಲಾಯಿಸಿ ಒಣಗಿಸಿರಿ. ಅದನ್ನು ದಪ್ಪ ಹಾಳೆಗೆ ಅಂಟಿಸಿ, ಸ್ಥಳ, ತಿಂಗಳು, ಊರಿನಲ್ಲಿ ಕರೆಯುವ ಹೆಸರು, ಐದು ಗುರುತುಗಳು, ಇವಿಷ್ಟನ್ನೂ ಬರೆದಿಡಿರಿ. ಹೀಗೆ ಐವತ್ತು ಹಾಳೆಗಳಾದರೆ ಊರಿನ ಶಾಲೆಗೆ ಬೆಲೆಕಟ್ಟಲಾಗದ ಪುಸ್ತಕವೊಂದು ದೊರೆತಂತಾಗುವುದು.

೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪಂಚಾಯಿತಿಯ ಮಟ್ಟದಲ್ಲಿ ಸಮಿತಿಯೊಂದನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲೆಯನ್ನು ಬರೆದಿಡಬೇಕೆಂದು ಏರ್ಪಾಡಾಗಿದೆ. ಊರಿನ ಹಿರಿಯರು, ನಾಟಿವೈದ್ಯರು, ದನಗಾಹಿಗಳು, ಮುಖ್ಯವಾಗಿ ಸೊಪ್ಪುಸದೆಯನ್ನು ಆರಿಸಿ ತರುವ ಹೆಂಗಸರು, ಇವರನ್ನು ಕೂರಿಸಿಕೊಂಡು ಕೇಳಿ, ಅವರು ಬಲ್ಲುದನ್ನು ಆ ದಾಖಲೆಗೆ ಸೇರಿಸುವುದು ತಮ್ಮ ಕೈಯಲ್ಲಿದೆ. ಬೆಲೆಬಾಳುವ ಮೂಲಿಕೆಯನ್ನು ಬೆಟ್ಟದಿಂದ ಅಗೆಯುವುದಕ್ಕೆ ಬದಲಾಗಿ, ನರ್ಸರಿಯಿಂದ ಸಸಿಯನ್ನು ತಂದು ತೋಟದ ನೆರಳಿನಲ್ಲಿ ಬೆಳೆಯಿಸಿದರೆ ಆದಾಯವೂ ಉಂಟು, ಬೆಟ್ಟವೂ ಉಳಿಯುವುದು.

ಮಹನೀಯರೇ, ಹಿರಿಯರೊಬ್ಬರು ತೀರಿಕೊಂಡಾಗ ಅವರು ಬಲ್ಲ ಐವತ್ತು ಗಿಡಗಳ ಗುರುತೂ ಅವರೊಡನೆಯೇ ಹೋಗುವುದು. ಅದು ಹೋದಮೇಲೆ ಉಳಿಯುವುದು ಬರಿಯ ಹೆಸರು. ಗುರುತಿಲ್ಲದ ಹೆಸರು ಅಪಾಯಕ್ಕೆ ದಾರಿ. ಆದುದರಿಂದ ಮುಂದಿನ ಮಳೆಗಾಲ ಕಳೆದು ಗೌರಿಹೂವು ಅರಳುವ ಹೊತ್ತಿಗೆ, ತಮ್ಮ ತಮ್ಮ ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು, ಶಾಲೆಯ ಮಕ್ಕಳನ್ನು ಬೇಲಿಸಾಲಿನಲ್ಲಿ ಒಂದು ದಿನ ನಡೆಸಿರೆಂದು ಬೇಡುತ್ತೇನೆ.